ಇಡ್ಲಿಗೆ ಹತ್ತು ನಿಮಿಷ, ಚಟ್ಲಿಗೆ ನಾಲ್ಕು

ನಮ್ಮ ಮನೆಯಲ್ಲಿ ಇಡ್ಲಿ ಪಾತ್ರೆ ಎರಡಿವೆ. ಒಂದು ಇಡ್ಲಿಗೆ, ಇನ್ನೊಂದು ಚಟ್ಲಿಗೆ. ಎರಡನೆಯದು ಬಂದದ್ದು ನಮ್ಮನೆಯವರ ಒತ್ತಾಯಕ್ಕೆ. ಅವರು ಘಟ್ಟದ ಮೇಲಿನವರು, ತಿಪಟೂರು ಕಡೆ. ಭಾನುವಾರ ಚಟ್ಲಿ ಬೇಯಿಸಿದ ಪಾತ್ರೆಯಲ್ಲಿ ಸೋಮವಾರ ಇಡ್ಲಿ ಮಾಡಿದರೆ ತಟ್ಟೆ ದೂರ ತಳ್ಳುತ್ತಿದ್ದರು. ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದರೂ "ವಾಸನೆ ಬರ್ತಿದೆ" ಅನ್ನುತ್ತಿದ್ದರು. ಈಗ ಅದೇ ಮನುಷ್ಯ ಶನಿವಾರ ರಾತ್ರಿಯೇ "ನಾಳೆ ಮಾರ್ಕೆಟ್‌ಗೆ ಎಷ್ಟು ಗಂಟೆಗೆ ಹೊರಡೋಣ?" ಅಂತ ಕೇಳುತ್ತಾರೆ.

ಚಟ್ಲಿ ಅಂದರೆ ಸಿಗಡಿ. ನಮ್ಮ ಕುಂದಾಪುರ ಕಡೆ ಚಟ್ಲಿ, ಕುಮಟಾ, ಅಂಕೋಲಾ ಕಡೆ ಶೆಟ್ಲಿ, ತುಳುವಿನಲ್ಲಿ ಎಟ್ಟಿ, ಕೊಂಕಣಿಯವರಿಗೆ ಸುಂಗಟ. ಬೆಂಗಳೂರಿನ ಅಂಗಡಿಗಳಲ್ಲಿ ಪ್ರಾನ್ಸ್. ನಾನು ಬೆಳೆದದ್ದು ಗಂಗೊಳ್ಳಿ ಹತ್ತಿರ. ಪಂಚಗಂಗಾವಳಿ ಅಲ್ಲೇ ಸಮುದ್ರ ಸೇರುವುದು. ಐದು ಹೊಳೆ ಕೂಡಿ ಬರುವ ಆ ಅಳಿವೆಯ ಸಿಹಿ-ಉಪ್ಪು ನೀರಿನ ಚಟ್ಲಿ ತಿಂದು ದೊಡ್ಡವರಾದವರು ನಾವು. ಅಮ್ಮ ಅದರಲ್ಲಿ ಸುಕ್ಕ ಮಾಡುತ್ತಿದ್ದರು, ಗಸಿ ಮಾಡುತ್ತಿದ್ದರು, ಮಳೆಗಾಲಕ್ಕೆ ಒಣ ಚಟ್ಲಿ ಹುರಿದು ಚಟ್ನಿ ಅರೆಯುತ್ತಿದ್ದರು. ಆದರೆ ಮಸಾಲೆ ಇಲ್ಲದೆ, ಎಣ್ಣೆ ಇಲ್ಲದೆ, ತಲೆ-ಬಾಲ ಸಮೇತ ಹಬೆಯಲ್ಲಿ ಬೇಯಿಸಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

ಶುರುವಾದದ್ದು ನಮ್ಮನೆಯವರ ರಕ್ತ ಪರೀಕ್ಷೆಯ ರಿಪೋರ್ಟಿನಿಂದ. ಎಣ್ಣೆ, ತುಪ್ಪ ಕಡಿಮೆ ಮಾಡಿ ಅಂದರು ಡಾಕ್ಟರು. ಅಲ್ಲಿಗೆ ನನ್ನ ಘೀ ರೋಸ್ಟ್ ನಿಂತಿತು. ಚಟ್ಲಿ ಬಿಡಲು ಮಾತ್ರ ನನಗೆ ಮನಸ್ಸಿರಲಿಲ್ಲ. ಹಬೆಯಲ್ಲಿ ಬೇಯಿಸಿದರೆ ಎಣ್ಣೆಯ ಮಾತೇ ಇಲ್ಲವಲ್ಲ ಅಂತ ಅರ್ಧ ಕೆಜಿ ತಂದು, ಇಡ್ಲಿ ತಟ್ಟೆಯ ಗುಳಿಗಳಿಗೆ ತುರುಕಿ, ಅಭ್ಯಾಸಬಲದಿಂದ ಹತ್ತು ನಿಮಿಷ ಇಟ್ಟೆ. ಹೊರಗೆ ಬಂದದ್ದು ಹವಾಯಿ ಚಪ್ಪಲಿಯ ಬಾರು. ಬೆರಳುದ್ದ ಇದ್ದದ್ದು ಸುರುಟಿಕೊಂಡು ಉಂಗುರವಾಗಿತ್ತು. ಫೋನಿನಲ್ಲಿ ಹೇಳಿದ್ದಕ್ಕೆ ಅಮ್ಮ ಕೇಳಿದ್ದು ಒಂದೇ ಮಾತು: "ಹತ್ತ್ ನಿಮ್ಷವಾ? ಅದೆಂತ ಕಡುಬಾ ಮಾರಾಯ್ತಿ?"

ಆಮೇಲೆ ಎಷ್ಟೋ ಭಾನುವಾರ ಮಾಡಿ, ಕೆಡಿಸಿ, ಮತ್ತೆ ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೊಳ್ಳುವ ವಿಷಯ. ಇದರಲ್ಲಿ ಮುಕ್ಕಾಲು ಅಡುಗೆ ಮಾರ್ಕೆಟ್ಟಿನಲ್ಲೇ ಆಗಿಹೋಗುತ್ತದೆ. ಸುಕ್ಕ ಮಾಡುವುದಾದರೆ ಚಟ್ಲಿ ಸ್ವಲ್ಪ ಹಳತಾದರೂ ಕಾಯಿ, ಹುಳಿ, ಬ್ಯಾಡಗಿ ಮೆಣಸು ಸೇರಿ ಅದರ ಮಾನ ಉಳಿಸುತ್ತವೆ. ಹಬೆಯಲ್ಲಿ ಮಾನ ಉಳಿಸುವವರು ಯಾರೂ ಇಲ್ಲ. ಬಾಯಿಗಿಟ್ಟ ಕೂಡಲೇ ಅದು ಎಷ್ಟು ದಿನದ್ದು ಅಂತ ಗೊತ್ತಾಗುತ್ತದೆ.

ನಾವು ಹೋಗುವುದು ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ. ಬೆಳಿಗ್ಗೆ ಏಳರೊಳಗೆ ಅಲ್ಲಿರಬೇಕು. ನಾನು ಮೊದಲು ನೋಡುವುದು ತಲೆಯನ್ನು. ತಲೆ ಮೈಗೆ ಬಿಗಿಯಾಗಿ ಅಂಟಿಕೊಂಡಿರಬೇಕು. ಎತ್ತಿ ಹಿಡಿದಾಗ ಕತ್ತಿನಲ್ಲಿ ಜೋತುಬಿದ್ದರೆ ಅದು ಹಳತು. ಯಾಕೆಂದರೆ ಚಟ್ಲಿಯ ಹೊಟ್ಟೆ, ಪಿತ್ತಾಂಗ ಎಲ್ಲ ಇರುವುದು ತಲೆಯಲ್ಲೇ. ಸತ್ತ ಮೇಲೆ ಅಲ್ಲಿನ ಜೀರ್ಣರಸಗಳು ಮೊದಲು ಆ ಕಡೆಯ ಮಾಂಸವನ್ನೇ ಕರಗಿಸುತ್ತವೆ. ಕತ್ತಿನ ಹತ್ತಿರ ಹಿಟ್ಟುಹಿಟ್ಟಾಗಿರುವ ಚಟ್ಲಿ ನೀವೂ ತಿಂದಿರಬಹುದು. ಕಾರಣ ಇದೇ. ಇಡಿಯಾಗಿ ಬೇಯಿಸುವುದಾದರೆ ಅದೇ ದಿನದ ಖರೀದಿ, ಅದೇ ದಿನದ ಅಡುಗೆ. ನಾಳೆಗೆ ಅಂತಿದ್ದರೆ ತಲೆ ತೆಗೆದೇ ಫ್ರಿಜ್ಜಿನಲ್ಲಿಡಿ.

ಆಮೇಲೆ ಚಿಪ್ಪು. ಗಾಜಿನ ಹಾಗೆ ಒಳಗಿನದು ಮಸುಕಾಗಿ ಕಾಣಬೇಕು. ಮುಟ್ಟಿದರೆ ಲೋಳೆ ಇರಬಾರದು. ಕಣ್ಣು ಕಪ್ಪಗೆ, ಉಬ್ಬಿಕೊಂಡಿರಬೇಕು. ಹಸಿ ಚಟ್ಲಿ ಆಗಲೇ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಬಿಡಿ, ಬಿಸಿಲಿಗೋ ಬಿಸಿಗೋ ಸಿಕ್ಕಿರುತ್ತದೆ. ತಲೆಯ ಅಂಚಿನಲ್ಲಿ, ಕಾಲುಗಳ ಬುಡದಲ್ಲಿ ಕಪ್ಪು ಕಲೆ ಇದ್ದರೆ ಎಲ್ಲರೂ ಹೆದರುತ್ತಾರೆ. ಅದು ಕೊಳೆತದ್ದರ ಗುರುತೇ ಆಗಬೇಕೆಂದಿಲ್ಲ. ಕತ್ತರಿಸಿಟ್ಟ ಬಾಳೆಕಾಯಿ ಕಪ್ಪಾಗುವ ಹಾಗೆಯೇ, ಗಾಳಿ ತಾಗಿ ಆಗುವ ಬಣ್ಣ. ಆದರೆ ಐಸಿನಲ್ಲಿ ಸರಿಯಾಗಿ ಇಟ್ಟಿಲ್ಲ ಅನ್ನುವುದನ್ನಂತೂ ಅದು ಹೇಳುತ್ತದೆ. ಅಂಥದ್ದನ್ನು ಸುಕ್ಕಕ್ಕೆ ತರುತ್ತೇನೆ, ಹಬೆಗೆ ತರುವುದಿಲ್ಲ.

ಕೊನೆಗೆ ಮೂಗು. ಒಂದನ್ನು ಎತ್ತಿ ಮೂಸಿ, ನಾಚಿಕೆ ಬೇಡ. ಕಡಲ ದಂಡೆಯ ವಾಸನೆ ಬಂದರೆ ಸರಿ. ಘಾಟು, ಬಸ್ ಸ್ಟ್ಯಾಂಡಿನ ಶೌಚಾಲಯದ ನೆನಪು ಬಂದರೆ ಅಲ್ಲೇ ಇಟ್ಟು ಮುಂದೆ ನಡೆಯಿರಿ. ಒಮ್ಮೆ ನಮ್ಮ ಬಡಾವಣೆಯ ಒಂದು ಅಂಗಡಿಯಲ್ಲಿ "ಇವತ್ತು ಬೆಳಿಗ್ಗೆ ಬಂದಿದ್ದು ಮೇಡಂ" ಅಂದರು ಅಂತ ಮೂಸದೆ ತಂದೆ. ಪಾತ್ರೆಯ ಮುಚ್ಚಳ ತೆಗೆದಾಗ ಪಕ್ಕದ ಮನೆಯವರೂ ಕಿಟಕಿ ಮುಚ್ಚಿದರು.

ಬೆಂಗಳೂರಿನಲ್ಲಿ ಸಿಗುವುದು ಹೆಚ್ಚಾಗಿ ವನ್ನಾಮಿ. ಆಂಧ್ರದ ಕೆರೆಗಳಲ್ಲಿ ಸಾಕಿದ್ದು, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸಿನ ಜೊತೆ ಬರುತ್ತದೆ. ಈ ಜಾತಿ ನಮ್ಮದಲ್ಲ. ಅಮೆರಿಕ ಖಂಡದ ಪೆಸಿಫಿಕ್ ಕರಾವಳಿಯದ್ದು. ನಮ್ಮಲ್ಲಿ ಸಾಕಲು ಒಪ್ಪಿಗೆ ಸಿಕ್ಕಿದ್ದು 2009ರಲ್ಲಿ. ಊರಿನವರು ಇದನ್ನು ಕಂಡರೆ ಮೂಗು ಮುರಿಯುತ್ತಾರೆ. ನಾನೂ ಮುರಿಯುತ್ತಿದ್ದೆ. ಹೊಳೆ ಚಟ್ಲಿಯ ಸಿಹಿ ಇದಕ್ಕಿಲ್ಲ, ನಿಜ. ಆದರೆ ಹಬೆಗೆ ಇದರಲ್ಲೊಂದು ಅನುಕೂಲ ಇದೆ: ಎಲ್ಲ ಒಂದೇ ಗಾತ್ರ. ಒಂದೇ ಗಾತ್ರ ಅಂದರೆ ಒಂದೇ ಹೊತ್ತಿಗೆ ಬೇಯುತ್ತದೆ. ಊರಿನ ಬುಟ್ಟಿಯಲ್ಲಿ ದೊಡ್ಡದು, ಸಣ್ಣದು ಎಲ್ಲ ಸೇರಿರುತ್ತದೆ, ಬೇರೆ ಬೇರೆ ಮಾಡಿಯೇ ಇಡಬೇಕು.

ಗಾತ್ರವನ್ನು ಕೌಂಟ್‌ನಲ್ಲಿ ಹೇಳುತ್ತಾರೆ. 40 ಕೌಂಟ್ ಅಂದರೆ ಕೆಜಿಗೆ ಸುಮಾರು ನಲವತ್ತು ತೂಗುತ್ತದೆ ಅಂತ. ನಾನು 30ರಿಂದ 40ರ ಒಳಗಿನದನ್ನು ತರುತ್ತೇನೆ. ತಲೆ, ಚಿಪ್ಪು ಎಲ್ಲ ಕಳೆದರೆ ತಿನ್ನುವುದಕ್ಕೆ ಉಳಿಯುವುದು ಅರ್ಧದಷ್ಟೇ. ಹಾಗಾಗಿ ಇಬ್ಬರಿಗೆ ಅರ್ಧ ಕೆಜಿ ಬೇಕೇ ಬೇಕು. ಊರಿಗೆ ಹೋಗುವವರು ಒಂದು ನೆನಪಿಟ್ಟುಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಆಗ ನಾಡದೋಣಿಯವರು ತಂದದ್ದೇ ಸಿಗುವುದು. ಕಮ್ಮಿ ಇರುತ್ತದೆ, ರೇಟು ಜಾಸ್ತಿ ಇರುತ್ತದೆ, ರುಚಿಗೆ ಮಾತ್ರ ಸಾಟಿ ಇಲ್ಲ.

ಫ್ರೋಜನ್ ತಂದರೂ ಆಗುತ್ತದೆ, ಆದರೆ ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಅಂಕಣಕ್ಕೆ ಇಳಿಸಿಡಿ. ಮರೆತರೆ ಕವರಿನ ಸಮೇತ ತಣ್ಣೀರಿನಲ್ಲಿ ಅರ್ಧ ಗಂಟೆ. ಬಿಸಿನೀರು ಹಾಕಬೇಡಿ, ಹೊರಗೆ ಬೆಂದು ಒಳಗೆ ಐಸು ಉಳಿಯುತ್ತದೆ.

ಇನ್ನು ಶುಚಿ ಮಾಡುವುದು. ಇಡಿಯಾಗಿ ಬೇಯಿಸುವಾಗ ಚಿಪ್ಪು ಸುಲಿಯುವಂತಿಲ್ಲ. ಆ ಚಿಪ್ಪೇ ಮಾಂಸಕ್ಕೆ ಮುಚ್ಚಳ, ರಸ ಒಳಗೇ ಉಳಿಯುತ್ತದೆ. ಒಂದು ಕತ್ತರಿ ತೆಗೆದುಕೊಂಡು ಮೀಸೆ ಕತ್ತರಿಸಿ. ತಲೆಯ ತುದಿಯಲ್ಲಿ ಗರಗಸದ ಹಾಗೆ ಒಂದು ಮುಳ್ಳು ಇರುತ್ತದೆ, ಅದನ್ನೂ ಕತ್ತರಿಸಿ. ಅದು ಚುಚ್ಚಿದರೆ ಎರಡು ದಿನ ಬೆರಳು ಮಿಡಿಯುತ್ತದೆ. ಕಾಲುಗಳು ಇರಲಿ.

ಬೆನ್ನಿನ ಕಪ್ಪು ನರ ಅಂತ ಹೇಳುತ್ತೇವಲ್ಲ, ಅದು ನರ ಅಲ್ಲ, ಕರುಳು. ಬೆಂದ ಮೇಲೆ ತಿಂದರೆ ಅಪಾಯ ಏನಿಲ್ಲ, ಆದರೆ ದೊಡ್ಡ ಚಟ್ಲಿಯಲ್ಲಿ ಅದರೊಳಗಿನ ಮಣ್ಣು ಹಲ್ಲಿಗೆ ಸಿಕ್ಕಿ ಕರಕರ ಅನ್ನುತ್ತದೆ. ಚಿಪ್ಪು ಬಿಡಿಸದೆ ಅದನ್ನು ತೆಗೆಯುವ ಉಪಾಯ ಹೀಗೆ. ಚಟ್ಲಿಯನ್ನು ಎಡಗೈಯಲ್ಲಿ ಹಿಡಿದು, ಬೆನ್ನು ಮೇಲೆ ಬರುವ ಹಾಗೆ ಬಗ್ಗಿಸಿ. ಬಗ್ಗಿಸಿದಾಗ ಚಿಪ್ಪಿನ ಬಳೆಗಳ ನಡುವೆ ಸಂದು ತೆರೆಯುತ್ತದೆ. ತಲೆಯಿಂದ ಎರಡನೆಯ ಮತ್ತು ಮೂರನೆಯ ಬಳೆಯ ನಡುವಿನ ಸಂದಿಗೆ ಒಂದು ಟೂತ್‌ಪಿಕ್ ಅಡ್ಡಲಾಗಿ ಚುಚ್ಚಿ. ತುಂಬ ಆಳಕ್ಕೆ ಬೇಡ, ಒಂದು ಅಕ್ಕಿ ಕಾಳಿನ ದಪ್ಪದಷ್ಟು. ಈಗ ನಿಧಾನಕ್ಕೆ ಮೇಲೆತ್ತಿ. ಕಪ್ಪು ಎಳೆ ಕೊಕ್ಕೆಗೆ ಸಿಕ್ಕ ಹಾಗೆ ಎದ್ದು ಬರುತ್ತದೆ. ಬೆರಳಿನಲ್ಲಿ ಹಿಡಿದು, ಮಲ್ಲಿಗೆ ದಂಡೆಯಿಂದ ನೂಲು ಎಳೆಯುವ ಹಾಗೆ, ಅವಸರ ಮಾಡದೆ ಎಳೆಯಿರಿ. ಪೂರ್ತಿ ಬಂದರೆ ಎಂಥ ಸಮಾಧಾನ! ನಡುವೆ ತುಂಡಾದರೆ ಇನ್ನೊಂದು ಬಳೆ ಹಿಂದಕ್ಕೆ ಹೋಗಿ ಮತ್ತೆ ಚುಚ್ಚಿ. ಮೊದಲ ದಿನ ನನಗೆ ಹತ್ತರಲ್ಲಿ ನಾಲ್ಕು ತುಂಡಾದವು. ಈಗ ಈ ಕೆಲಸ ನಮ್ಮನೆಯವರದ್ದು. ಕನ್ನಡಕ ಹಾಕಿಕೊಂಡು, ವಾಚ್ ರಿಪೇರಿಯವರ ಹಾಗೆ ಕೂತು ಮಾಡುತ್ತಾರೆ.

ತೊಳೆದು, ನೀರು ಬಸಿದು, ಅರ್ಧ ಕೆಜಿಗೆ ಒಂದು ಸಣ್ಣ ಚಮಚ ಉಪ್ಪು ಹಚ್ಚಿ ಹತ್ತು ನಿಮಿಷ ಬಿಡಿ. ಬೇಕಾದರೆ ಚಿಟಿಕೆ ಅರಿಶಿನ. ಲಿಂಬೆ ರಸ ಮಾತ್ರ ಈಗ ಬೇಡ. ಹುಳಿ ತಾಗಿದರೆ ಮಾಂಸ ಬೇಯುವ ಮೊದಲೇ ಬಿಗಿದುಕೊಳ್ಳುತ್ತದೆ. ಲಿಂಬೆ ಏನಿದ್ದರೂ ತಟ್ಟೆಗೆ ಬಂದ ಮೇಲೆ.

ಪಾತ್ರೆಗೆ ಎರಡು ಇಂಚು ನೀರು ಸಾಕು. ಕುದಿಯುವಾಗ ತಟ್ಟೆಗೆ ಸಿಡಿಯಬಾರದು. ನೀರಿಗೆ ಶುಂಠಿ, ಮಜ್ಜಿಗೆ ಹುಲ್ಲು, ಕಾಳುಮೆಣಸು ಎಲ್ಲ ಹಾಕಿ ಅಂತ ತುಂಬ ಜನ ಹೇಳುತ್ತಾರೆ. ನಾನೂ ಹಾಕಿ ನೋಡಿದೆ. ಅಡುಗೆಮನೆ ಘಮಘಮ ಅಂತು, ಚಟ್ಲಿಗೆ ಏನೂ ಹತ್ತಲಿಲ್ಲ. ನಾಲ್ಕು ನಿಮಿಷದಲ್ಲಿ ಹತ್ತುವುದಾದರೂ ಎಷ್ಟು? ಅದರ ಬದಲು ಅರಿಶಿನ ಎಲೆ ಹಾಸಿ. ನಾಗರ ಪಂಚಮಿಗೆ ಕಡುಬು ಮಾಡುವ ಅದೇ ಎಲೆ. ಎಲೆ ನೇರ ಚಿಪ್ಪಿಗೆ ತಾಗುವುದರಿಂದ ಪರಿಮಳ ನಿಲ್ಲುತ್ತದೆ. ನಾನು ಬಾಲ್ಕನಿಯ ಕುಂಡದಲ್ಲಿ ಎರಡು ಗೆಡ್ಡೆ ನೆಟ್ಟಿದ್ದೇನೆ. ಇಲ್ಲದ ತಿಂಗಳಲ್ಲಿ ಬಾಳೆ ಎಲೆ. ಎಲೆಯಿಂದ ತಟ್ಟೆ ಪೂರ್ತಿ ಮುಚ್ಚಬೇಡಿ, ಅಂಚಿನಲ್ಲಿ ಹಬೆ ಏಳಲು ಜಾಗ ಬಿಡಿ.

ಇಡ್ಲಿ ಗುಳಿಗಿಂತ ಚಪ್ಪಟೆ ತೂತಿನ ತಟ್ಟೆ ಒಳ್ಳೆಯದು. ಈಗಿನ ಇಡ್ಲಿ ಪಾತ್ರೆಗಳ ಜೊತೆ ಒಂದು ಕೊಡುತ್ತಾರೆ, ಬಹಳ ಮನೆಗಳಲ್ಲಿ ಅದು ಅಟ್ಟ ಸೇರಿರುತ್ತದೆ. ಚಟ್ಲಿಗಳನ್ನು ಒಂದೇ ಪದರವಾಗಿ, ಒಂದರ ಮೇಲೊಂದು ಬಾರದ ಹಾಗೆ ಜೋಡಿಸಿ. ಜಾಗ ಸಾಲದಿದ್ದರೆ ಎರಡು ಸಲ ಬೇಯಿಸಿ. ಕುಕ್ಕರ್ ಇಡುವವರು ವೆಯ್ಟ್ ಹಾಕಬೇಡಿ. ಒಂದು ಸೀಟಿ ಹೊಡೆಯುವಷ್ಟರಲ್ಲಿ ಚಟ್ಲಿಯ ಕಥೆ ಮುಗಿದಿರುತ್ತದೆ. ಮುಚ್ಚಳಕ್ಕೆ ಒಂದು ತೆಳು ಬಟ್ಟೆ ಕಟ್ಟಿ, ಇಲ್ಲವಾದರೆ ಬೆವರಿದ ನೀರು ಚಟ್ಲಿ ಮೇಲೆ ತೊಟ್ಟಿಕ್ಕಿ ರುಚಿ ಸಪ್ಪೆಯಾಗುತ್ತದೆ. ಬಟ್ಟೆಯ ತುದಿಗಳನ್ನು ಮೇಲಕ್ಕೆ ಗಂಟು ಹಾಕಿ, ಬೆಂಕಿ ಹತ್ತಿರ ನೇತಾಡಬಾರದು.

ಈಗ ಮುಖ್ಯ ಮಾತು. ನೀರು ಚೆನ್ನಾಗಿ ಕುದಿದು ಹಬೆ ಬುಸುಬುಸು ಅಂತ ಏಳುವವರೆಗೆ ಚಟ್ಲಿ ಒಳಗೆ ಹೋಗಬಾರದು. ತಣ್ಣೀರಿನ ಮೇಲೆ ಇಟ್ಟು ಒಲೆ ಹಚ್ಚಿದರೆ ಲೆಕ್ಕ ಸಿಗುವುದಿಲ್ಲ. ತಟ್ಟೆ ಇಳಿಸಿ, ಮುಚ್ಚಿ, ಉರಿ ಜೋರಾಗಿಯೇ ಇಟ್ಟು, ಗಡಿಯಾರ ನೋಡಿ. 30-40 ಕೌಂಟಿನದಕ್ಕೆ ನನ್ನ ಲೆಕ್ಕ ನಾಲ್ಕು ನಿಮಿಷ. ಸಣ್ಣದಕ್ಕೆ ಎರಡೂವರೆ, ಮೂರು. ಅಂಗೈಯಗಲದ ಟೈಗರ್ ಜಾತಿಯ ಚಟ್ಲಿ ಆದರೆ ಆರು. ಈ ನಾಲ್ಕು ನಿಮಿಷ ನಾನು ಒಲೆ ಬಿಟ್ಟು ಕದಲುವುದಿಲ್ಲ, ಫೋನ್ ಬಂದರೆ ಎತ್ತುವುದಿಲ್ಲ. ಅಮ್ಮನದಾದರೂ ಸರಿ.

ಬಣ್ಣ ನೋಡಿ ಮೋಸ ಹೋಗಬೇಡಿ. ಎರಡೇ ನಿಮಿಷಕ್ಕೆ ಚಿಪ್ಪು ಕೆಂಪಾಗುತ್ತದೆ. ಆ ಕೆಂಪು ಹಸಿ ಚಟ್ಲಿಯಲ್ಲೂ ಇರುವುದೇ. ಆಸ್ಟಾಕ್ಸಾಂಥಿನ್ ಅಂತ ಹೆಸರು. ಒಂದು ಪ್ರೋಟೀನು ಅದನ್ನು ಹಿಡಿದುಕೊಂಡಿರುವುದರಿಂದ ಬೂದು-ನೀಲಿಯಾಗಿ ಕಾಣುತ್ತದೆ. ಬಿಸಿಗೆ ಆ ಪ್ರೋಟೀನಿನ ಹಿಡಿತ ಬಿಟ್ಟು ಕೆಂಪು ಹೊರಬರುತ್ತದೆ, ಅಷ್ಟೇ. ಒಳಗಿನ ಮಾಂಸ ಬೆಂದಿದೆ ಅಂತ ಅದರ ಅರ್ಥ ಅಲ್ಲ. ದೊಡ್ಡದೊಂದನ್ನು ತೆಗೆದು, ತಲೆಯ ಹಿಂದೆ, ಅತಿ ದಪ್ಪ ಇರುವಲ್ಲಿ ಬಗೆದು ನೋಡಿ. ಒಳಗೆ ಗಾಜಿನ ಹೊಳಪು ಉಳಿದಿದ್ದರೆ ಇನ್ನರ್ಧ ನಿಮಿಷ. ಎಳನೀರಿನ ಗಂಜಿಯ ಹಾಗೆ ಬೆಳ್ಳಗಾಗಿ, ಒತ್ತಿದರೆ ಸ್ವಲ್ಪ ಪುಟಿದರೆ ಆಯಿತು. ಅಡುಗೆ ಥರ್ಮಾಮೀಟರ್ ಇರುವವರು ನಡುವೆ ಚುಚ್ಚಿ 63 ಡಿಗ್ರಿ ನೋಡಿಕೊಳ್ಳಬಹುದು. ಆಕಾರವೂ ಹೇಳುತ್ತದೆ: ಕುಡುಗೋಲಿನ ಹಾಗೆ ಬಾಗಿದ್ದರೆ ಹದ, ಬಾಲ ಬಂದು ತಲೆಗೆ ತಾಗಿ ಬಳೆಯಾದರೆ ಮೀರಿತು.

ಉರಿ ಆರಿಸಿದ ಮೇಲೆ ಮುಚ್ಚಿಡಬೇಡಿ. ಇಡ್ಲಿಯ ಹಾಗೆ "ಸ್ವಲ್ಪ ಆರಲಿ" ಅಂತ ಬಿಟ್ಟರೆ ಒಳಗಿನ ಬಿಸಿಗೆ ಬೇಯುತ್ತಲೇ ಇರುತ್ತದೆ. ಮುಚ್ಚಳವನ್ನು ಮುಖದಿಂದ ಆಚೆಗೆ ತೆರೆದು, ಇಕ್ಕಳದಲ್ಲಿ ಎತ್ತಿ ಅಗಲ ತಟ್ಟೆಗೆ ಹರಡಿ. ಎಲೆಯ ಮಡಿಕೆಯಲ್ಲಿ ಎರಡು ಮೂರು ಚಮಚ ಕೇಸರಿ ರಸ ನಿಂತಿರುತ್ತದೆ. ಅದನ್ನು ಚೆಲ್ಲಿದರೆ ಪಾಪ ಬರುತ್ತದೆ.

ಆ ರಸಕ್ಕೇ ಒಂದು ನೆಂಜಿಕೊಳ್ಳುವ ಗೊಜ್ಜು ಮಾಡಿಕೊಳ್ಳುತ್ತೇನೆ. ನಾಲ್ಕು ಸೂಜಿ ಮೆಣಸು, ಎರಡು ಎಸಳು ಬೆಳ್ಳುಳ್ಳಿ, ಉಪ್ಪು, ಕಲ್ಲಿನಲ್ಲಿ ಜಜ್ಜಿ, ಅರ್ಧ ಲಿಂಬೆ ಹಿಂಡಿ, ಈ ರಸ ಸೇರಿಸಿ, ಮೇಲಿಂದ ಅರ್ಧ ಚಮಚ ಹಸಿ ತೆಂಗಿನೆಣ್ಣೆ. ಅಷ್ಟು ಎಣ್ಣೆಗೆ ಡಾಕ್ಟರು ಬೈಯಲಾರರು. ತೆಂಗಿನ ಸೀಮೆಯಲ್ಲೇ ಹುಟ್ಟಿದರೂ ತೆಂಗಿನೆಣ್ಣೆ ತಲೆಗೆ ಮಾತ್ರ ಅಂತ ನಂಬಿದ್ದವರು ನಮ್ಮನೆಯವರು. ಈಗ ಬೆರಳು ನೆಕ್ಕುತ್ತಾರೆ.

ತಿನ್ನುವುದು ಕೈಯಲ್ಲೇ. ಮೊದಲು ತಲೆ ಮುರಿದು, ಒಳಗಿನ ಕೇಸರಿ ಗಸಿಯನ್ನು ಹೀರಬೇಕು. ಇಡೀ ಚಟ್ಲಿಯ ಸಾರ ಇರುವುದು ಅಲ್ಲೇ. ಮೊದಮೊದಲು ನಮ್ಮನೆಯವರು ಆ ಹೊತ್ತಿಗೆ ಟಿವಿ ಕಡೆ ಮುಖ ತಿರುಗಿಸುತ್ತಿದ್ದರು. ಜೊತೆಗೆ ಕುಚ್ಚಲಕ್ಕಿ ಗಂಜಿ, ಒಂದು ಸೌತೆಕಾಯಿ. ಬೇರೇನೂ ಬೇಕಾಗಿಲ್ಲ.

ಆರೋಗ್ಯದ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಅತ್ತೆ ಪ್ರತಿ ಸಲ ಕೇಳುತ್ತಾರೆ. ಸುಲಿದು ಬೇಯಿಸಿದ 100 ಗ್ರಾಮಿನಲ್ಲಿ ಸುಮಾರು 24 ಗ್ರಾಮ್ ಪ್ರೋಟೀನ್, ಕೊಬ್ಬು ಒಂದು ಗ್ರಾಮಿಗಿಂತ ಕಮ್ಮಿ, ಒಟ್ಟು 100 ಕ್ಯಾಲೊರಿ ಆಸುಪಾಸು. ಕೊಲೆಸ್ಟ್ರಾಲ್ ಮಾತ್ರ ಜಾಸ್ತಿ, 190 ಮಿಲಿಗ್ರಾಮಿನಷ್ಟು. ನಾನು ನಮ್ಮ ಡಾಕ್ಟರನ್ನು ಕೇಳಿಯೇ ವಾರಕ್ಕೊಮ್ಮೆ ಅಂತ ಇಟ್ಟುಕೊಂಡಿದ್ದೇನೆ. ನಿಮ್ಮದನ್ನು ನೀವು ಕೇಳಿಕೊಳ್ಳಿ. ಸಿಗಡಿಯ ಅಲರ್ಜಿ ಇರುವವರು ಮನೆಯಲ್ಲಿದ್ದರೆ ಹುಷಾರು. ಕೆಲವರಿಗೆ ಬೇಯುವಾಗಿನ ಹಬೆ ತಾಗಿದರೂ ತೊಂದರೆ ಆಗುತ್ತದೆ.

ಮಿಕ್ಕಿದ್ದನ್ನು ಮತ್ತೆ ಬಿಸಿ ಮಾಡಲು ಹೋಗಬೇಡಿ. ಸುಲಿದು ಫ್ರಿಜ್ಜಿನಲ್ಲಿಟ್ಟು, ಮರುದಿನ ತಣ್ಣಗಿರುವಾಗಲೇ ಈರುಳ್ಳಿ, ಕಾಯಿತುರಿ, ಲಿಂಬೆ ಹಾಕಿ ಕೋಸಂಬರಿಯ ಹಾಗೆ ಕಲಸಿ. ತಲೆ, ಚಿಪ್ಪುಗಳನ್ನು ಬಾಣಲೆಯಲ್ಲಿ ಹುರಿದು, ನೀರು ಹಾಕಿ ಇಪ್ಪತ್ತು ನಿಮಿಷ ಕುದಿಸಿ ಸೋಸಿದರೆ ಸಾರಿಗೆ ಒಳ್ಳೆಯ ನೀರು ಸಿಗುತ್ತದೆ.

ಅದೂ ಆದ ಮೇಲೆ ಉಳಿಯುವುದು ಕಸ. ಅಪಾರ್ಟ್‌ಮೆಂಟಿನವರಿಗೆ ಇದೇ ದೊಡ್ಡ ತಲೆನೋವು. ನಮ್ಮ ಬೀದಿಗೆ ಭಾನುವಾರ ಹಸಿ ಕಸದ ಗಾಡಿ ಬರುವುದಿಲ್ಲ, ಚಿಪ್ಪು ಒಂದು ರಾತ್ರಿ ಡಬ್ಬಿಯಲ್ಲಿ ಕೂತರೆ ಇಡೀ ಮಹಡಿಗೆ ಗೊತ್ತಾಗುತ್ತದೆ. ಅದಕ್ಕೆ ಕವರಿನಲ್ಲಿ ಗಂಟು ಕಟ್ಟಿ ಫ್ರೀಜರಿಗೆ ಹಾಕುತ್ತೇನೆ, ಸೋಮವಾರ ಬೆಳಿಗ್ಗೆ ಗಾಡಿಯ ಹಾಡು ಕೇಳಿದಾಗ ತೆಗೆಯುವುದು. ಕವರಿನ ಮೇಲೆ ಮರೆಯದೆ "ಕಸ" ಅಂತ ಬರೆಯಿರಿ. ನಾನು ಬರೆಯದ ಒಂದು ಸಲ, ನಾನು ಆಫೀಸಿನಿಂದ ಬರುವಷ್ಟರಲ್ಲಿ ನಮ್ಮನೆಯವರು ಅದನ್ನು ತಣ್ಣೀರಿನಲ್ಲಿ ನೆನೆಹಾಕಿ, ಕನ್ನಡಕ ಹಾಕಿಕೊಂಡು, ಟೂತ್‌ಪಿಕ್ ಹಿಡಿದು ಕೂತಿದ್ದರು.